ಮೂರು ಸುತ್ತು ಹಿಡಿದ ಹಲಗೆ

ಕಣ್ಣಿನ ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವನು ನಾನು. ಗಣಿತಕ್ಕೆ ಕಾಪಿ ಹೊಡೆದವರನ್ನು ನೋಡಿದ್ದೇನೆ, ಚರಿತ್ರೆಗೆ ಹೊಡೆದವರನ್ನೂ ನೋಡಿದ್ದೇನೆ. ಐವತ್ತು ವರ್ಷದ ಗಂಡಸು, ಮೂರು ಸಲ ಕಾರು ರೇಸಿನ ಚಾಂಪಿಯನ್ ಆದವನು, ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳನ್ನು ಮಗ್ಗಿಯ ಹಾಗೆ ಉರು ಹೊಡೆದು ಒಪ್ಪಿಸಿದ್ದನ್ನು ಮಾತ್ರ ಬೇರೆಲ್ಲೂ ಕಂಡಿಲ್ಲ.

ಆ ದಿನ ರೇಸಿನ ಲೈಸೆನ್ಸ್ ಕಚೇರಿಯಲ್ಲಿ ನರ್ಸು ನನ್ನನ್ನು ಕೂರಿಸಿ ಫೈಲು ತರಲು ಹೋದಳು. ನಾನು ಎದ್ದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕೆಳಗಿನ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡೆ. ಡಾಕ್ಟರು ಬಂದು ಒಂದು ಕಣ್ಣು ಮುಚ್ಚಿಸಿ ಕೇಳಿದರು, ಹೇಳಿದೆ. ಇನ್ನೊಂದು ಮುಚ್ಚಿಸಿ ಕೇಳಿದರು, ಹೇಳಿದೆ. ಅನುಮಾನ ಬಾರದಿರಲಿ ಎಂದು ಒಂದು ಅಕ್ಷರಕ್ಕೆ ಬೇಕೆಂದೇ ತಡವರಿಸಿದೆ ಕೂಡ. 'ಈ ವಯಸ್ಸಿಗೆ ಇಂಥ ಕಣ್ಣು ಯಾರಿಗಿರುತ್ತೆ ಸಾರ್!' ಎಂದು ಸಹಿ ಹಾಕಿದರು. ಕಣ್ಣಿಗೆ ಟಾರ್ಚು ಬಿಟ್ಟು ನೋಡುವುದನ್ನು ಮರೆತರು, ನನ್ನ ಜೊತೆ ಫೋಟೋ ತೆಗೆಸಿಕೊಳ್ಳುವುದನ್ನು ಮರೆಯಲಿಲ್ಲ.

ನನಗೆ ಗೊತ್ತಿಲ್ಲದೆ ಆದದ್ದಲ್ಲ ಇದು. ಕನ್ನಡಕದ ಅಂಗಡಿಯವನು ಎರಡು ತಿಂಗಳ ಹಿಂದೆಯೇ ಬಿಡಿಸಿ ಹೇಳಿದ್ದ: 'ಗ್ಲಾಸಿಂದ ಸರಿಹೋಗೋದಲ್ಲ ಸಾರ್ ಇದು. ಎರಡು ಕಣ್ಣಲ್ಲೂ ಪೊರೆ ಬರ್ತಿದೆ. ಆಪರೇಷನ್ ಮಾಡಿಸ್ಕೊಂಡುಬಿಡಿ, ಸಣ್ಣ ಕೆಲಸ.' ಸಣ್ಣ ಕೆಲಸವೇ. ಆದರೆ ಅದು ಮುಗಿದು, ಕಣ್ಣು ವಾಸಿಯಾಗಿ, ಮತ್ತೆ ಲೈಸೆನ್ಸು ಕೈಗೆ ಬರುವಷ್ಟರಲ್ಲಿ ರೇಸು ಮುಗಿದಿರುತ್ತಿತ್ತು. ಅಂಗಡಿಯವನ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಒಂಬತ್ತು ವರ್ಷ ನಿವೃತ್ತಿಯಲ್ಲಿ ಕೂತವನಿಗೆ ಆ ರೇಸು ಯಾಕೆ ಅಷ್ಟು ಬೇಕಾಗಿತ್ತು ಎಂದರೆ, ಜನ ನನ್ನನ್ನು ಮರೆತಿದ್ದರು ಎನ್ನುವುದಕ್ಕೆ. ಶೋರೂಮುಗಳ ರಿಬ್ಬನ್ ಕತ್ತರಿಸಿದ್ದಾಯಿತು, ಮಕ್ಕಳಿಗೆ ಬಹುಮಾನ ಹಂಚಿದ್ದಾಯಿತು, ಅದೇ ಮೂರು ಕತೆಗಳನ್ನು ಊಟದ ಮೇಜುಗಳಲ್ಲಿ ಹೇಳಿ ಹೇಳಿ ನನಗೇ ವಾಕರಿಕೆ ಬಂದದ್ದೂ ಆಯಿತು. ಒಂದು ಸಲ ಹೋಟೆಲಿನಲ್ಲಿ ಒಬ್ಬಾಕೆ ನನ್ನನ್ನು ಟೀವಿಯಲ್ಲಿ ಅಡುಗೆ ತೋರಿಸುವವನೆಂದು ತಿಳಿದು ಆಟೋಗ್ರಾಫ್ ಕೇಳಿದಳು. ಹಾಕಿಕೊಟ್ಟೆ. ಹೀಗಿರುವಾಗ ಒಂದು ತಂಡದ ಒಡತಿ ಮನೆ ಬಾಗಿಲಿಗೆ ಬಂದು, 'ಈ ಸೀಸನ್ನಿನ ಕೊನೇ ರೇಸಿಗೆ ನೀವು ಬಂದ್ರೆ ಜನ ಬರ್ತಾರೆ' ಎಂದಾಗ ನಾನು ಯೋಚಿಸುವ ನಾಟಕ ಮಾಡಿದ್ದು ಅರ್ಧ ಲೋಟ ಕಾಫಿ ಮುಗಿಯುವವರೆಗೆ ಮಾತ್ರ. ಆ ಕಾರಿಗಾಗಿ ವರ್ಷವಿಡೀ ಕಾದಿದ್ದ ಬದಲಿ ಚಾಲಕಿ ಒಬ್ಬಳು ಇದ್ದಳು. ಅವಳ ವಿಷಯ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ.

ನಾನು ಹಾಕಿದ ಷರತ್ತು ಒಂದೇ, ಹಲಗೆಯನ್ನು ನನ್ನ ಬಾಮೈದನೇ ಹಿಡಿಯಬೇಕು.

ಹಲಗೆಯ ವಿಷಯ ಹೇಳಬೇಕು. ನಮ್ಮ ದರ್ಜೆಯ ರೇಸಿನಲ್ಲಿ ಕಾರಿನೊಳಗೆ ರೇಡಿಯೋ ಇಡುವಂತಿಲ್ಲ. ಗ್ಯಾರೇಜಿನ ಎದುರು, ಟ್ರ್ಯಾಕಿನ ಅಂಚಿಗೆ ಎದೆಮಟ್ಟದ ಗೋಡೆಯಿದೆ. ಅದರಾಚೆಗೆ ತಂಡದವನೊಬ್ಬ ಉದ್ದನೆಯ ಹಲಗೆ ಚಾಚಿ ಹಿಡಿದಿರುತ್ತಾನೆ. ಎಷ್ಟು ಸುತ್ತು ಉಳಿದಿದೆ ಎಂಬುದಕ್ಕೆ ಬಿಳಿ ಅಂಕಿ, ಮುಂದಿನ ಕಾರು ಎಷ್ಟು ದೂರ ಎಂಬುದಕ್ಕೆ ಹಳದಿ, 'ಒಳಗೆ ಬಾ' ಎನ್ನುವುದಕ್ಕೆ ಕೆಂಪು ಬಾಣ. ಚಾಲಕ ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಓದಿ ದಾಟಿ ಹೋಗಬೇಕು. ನನ್ನ ಹೆಂಡತಿಯ ತಮ್ಮ ಈ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದವನು. ತಂಡದವರು ಅವನನ್ನು ಹಲಗೆ ಎಂದೇ ಕರೆಯುತ್ತಾರೆ, ನನ್ನ ಮಗಳಿಗೂ ಅವನು ಹಲಗೆ ಮಾವ. ಮೂರು ಚಾಂಪಿಯನ್‌ಶಿಪ್ಪಿನಲ್ಲೂ ಒಂದೇ ಒಂದು ಅಂಕಿ ತಪ್ಪು ತೋರಿಸಿದವನಲ್ಲ. ಮೂಗು ಸೋರುತ್ತಿದ್ದರೂ ಒರೆಸಿಕೊಳ್ಳಲು ಕೈ ಬಿಡದ ಆಸಾಮಿ.

ಅವನೇ ಬೇಕು ಎಂದದ್ದು ಪ್ರೀತಿಯಿಂದ ಎಂದು ಎಲ್ಲರೂ ತಿಳಿದರು. ಅವನೂ ಹಾಗೇ ತಿಳಿದು ಉಬ್ಬಿಹೋದ. ನಿಜ ಏನೆಂದರೆ, ಅವನು ಎಲ್ಲಿ ನಿಲ್ಲುತ್ತಾನೆ, ಎಷ್ಟು ಎತ್ತರಕ್ಕೆ ಹಿಡಿಯುತ್ತಾನೆ ಎಂಬುದು ನನಗೆ ರೂಢಿ. ಅಕ್ಷರ ಕಾಣದಿದ್ದರೂ ಬಣ್ಣ ನೋಡಿ ನಡೆಸಿಬಿಡಬಹುದು ಎಂಬ ಲೆಕ್ಕಾಚಾರ ನನ್ನದು.

ಶನಿವಾರ ಅಭ್ಯಾಸದ ದಿನ. ಬೆಳಗ್ಗೆ ಲೆಕ್ಕಾಚಾರ ಸರಿಯಾಗಿಯೇ ನಡೆಯಿತು. ತಿರುವುಗಳೆಲ್ಲ ಕೈಕಾಲಿಗೆ ನೆನಪಿದ್ದವು, ಬಣ್ಣಗಳು ಕಂಡವು, ವೇಗದಲ್ಲಿ ಎಲ್ಲರ ಪೈಕಿ ಮೂರನೆಯ ಸುತ್ತು ನನ್ನದಾಯಿತು. ಗ್ಯಾರೇಜಿಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಮೈದ ಹೆಲ್ಮೆಟ್ ಬಿಚ್ಚಿಸುತ್ತಾ, 'ಭಾವ, ಹುಲಿ ಮುಪ್ಪಾದ್ರೂ ಹುಲಿನೇ' ಎಂದ. ನಾನು ನಕ್ಕೆ.

ಮಧ್ಯಾಹ್ನ ಮೂರರ ಹೊತ್ತಿಗೆ ಮತ್ತೆ ಇಳಿದೆ. ಆಗ ಬಿಸಿಲು ಗ್ಯಾರೇಜಿನ ಮುಂದಿನ ಉದ್ದನೆಯ ನೇರ ದಾರಿಗೆ ಎದುರಾಗಿ ಬೀಳುತ್ತಿತ್ತು. ಪೊರೆ ಬಂದ ಕಣ್ಣಿಗೆ ಎದುರು ಬಿಸಿಲು ಬಿದ್ದರೆ ಏನಾಗುತ್ತದೆಂದು ಬಲ್ಲವರೇ ಬಲ್ಲರು. ಇಡೀ ಜಗತ್ತಿಗೆ ಸುಣ್ಣ ಬಳಿದ ಹಾಗೆ. ಬಾಮೈದ ಒಂದು ಕಪ್ಪು ಗೂಟದಂತೆ ಕಂಡ, ಅವನ ಕೈಯಲ್ಲಿದ್ದದ್ದು ಬರೀ ಬೆಳಕಾಗಿ ಕಂಡಿತು. ಬಿಳಿಯೇ ಇರಬೇಕು, ಇನ್ನೂ ಸುತ್ತುಗಳಿವೆ ಎಂದುಕೊಂಡು ದಾಟಿದೆ. ಮುಂದಿನ ಸುತ್ತಿನಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ ಹಾಗೆಯೇ.

ಹಿಂದಿನ ಎಡಗಡೆಯ ಟೈರು ಸಣ್ಣಗೆ ಗಾಳಿ ಬಿಡುತ್ತಿತ್ತು. ಗೋಡೆಯ ಬಳಿ ನಿಂತವರಿಗೆ ಅದು ಕಂಡಿತ್ತು, ಅದಕ್ಕೇ ಕೆಂಪು ಬಾಣ. ಕಾರು ಸ್ವಲ್ಪ ತೂಗಾಡುವುದು ನನಗೂ ತಿಳಿಯಿತು, ಆದರೆ ಒಂಬತ್ತು ವರ್ಷದ ತುಕ್ಕು ನನ್ನ ಕೈಯಲ್ಲಿದೆ ಎಂದು ಭಾವಿಸಿ ಇನ್ನಷ್ಟು ಒತ್ತಿದೆ. ಏಳನೆಯ ತಿರುವಿನಲ್ಲಿ ಟೈರು ಸಿಡಿಯಿತು. ಕಾರು ಎರಡು ಸುತ್ತು ಗಿರಕಿ ಹೊಡೆದು ಹಿಂಬದಿಯಿಂದ ತಡೆಗೋಡೆಗೆ ಅಪ್ಪಳಿಸಿತು. ನನಗೆ ಒಂದು ಗೀರೂ ಆಗಲಿಲ್ಲ. ಅಲ್ಲಿ ಚಾಲಕರಿಗೆ ಅಪಾಯ ತೋರಿಸುವ ಬಾವುಟ ಹಿಡಿದು ನಿಂತಿದ್ದ ಹೆಂಗಸು ಹಿಂದಕ್ಕೆ ಹಾರಿ ಬಿದ್ದು ಮಂಡಿ ಒಡೆದುಕೊಂಡಳು.

ಗ್ಯಾರೇಜಿಗೆ ಕರೆತಂದಾಗ ಒಂಬತ್ತು ಜನ ಇದ್ದರು. ಒಡತಿ, ಬಾಮೈದ, ಬದಲಿ ಚಾಲಕಿ, ಆರು ಜನ ಮೆಕ್ಯಾನಿಕ್‌ಗಳು.

'ಒಳಗೆ ಬನ್ನಿ ಅಂತ ಹಲಗೆ ತೋರ್ಸಿದ್ರೋ ಇಲ್ವೋ?' ಒಡತಿ ಕೇಳಿದರು.

'ಮೂರು ಸುತ್ತು ತೋರ್ಸಿದೆ ಮೇಡಂ' ಎಂದ ಬಾಮೈದ.

ಎಲ್ಲರೂ ನನ್ನ ಕಡೆ ತಿರುಗಿದರು. ಕಾಣಲಿಲ್ಲ ಎಂದಿದ್ದರೆ ಮುಗಿದಿತ್ತು. ಕಾಣಲಿಲ್ಲ ಎಂದರೆ ಯಾಕೆ ಕಾಣಲಿಲ್ಲ ಎನ್ನುತ್ತಾರೆ, ಕಣ್ಣು ತೋರಿಸಿ ಎನ್ನುತ್ತಾರೆ, ನಾಳೆ ಕಾರು ಹತ್ತಬೇಡಿ ಎನ್ನುತ್ತಾರೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯೊಳಗೆ ಓಡಿತು. ನಾನು ಹೆಲ್ಮೆಟ್ ಮೇಜಿನ ಮೇಲಿಟ್ಟು ಹೇಳಿದೆ: 'ಎಲ್ಲಿ ಮೂರು ಸುತ್ತು? ಎತ್ತಿದ್ದೇ ಕೊನೇ ಸುತ್ತಲ್ಲಿ. ಅದೂ ನಾನು ಅರ್ಧ ದಾಟಿದ ಮೇಲೆ.'

ಬರೀ ಸುಳ್ಳು ಸಾಲದೆಂದು ಅದಕ್ಕೆ ವಿವರ ಬೇರೆ. ಈಗಲೂ ಸ್ನಾನ ಮಾಡುವಾಗ, ಹಲ್ಲುಜ್ಜುವಾಗ ಆ 'ಅರ್ಧ ದಾಟಿದ ಮೇಲೆ' ನೆನಪಾಗಿ ಮೈಯೆಲ್ಲ ಮುದುಡುತ್ತದೆ.

ಬಾಮೈದ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ. ಮೊದಲು ನನ್ನ ಒಂದು ಕಣ್ಣನ್ನು ನೋಡಿದ, ಆಮೇಲೆ ಇನ್ನೊಂದನ್ನು. ಒಡತಿಯ ಕಡೆ ತಿರುಗಿ, 'ಹೌದು ಮೇಡಂ. ಗಮನ ಎಲ್ಲೋ ಇತ್ತು. ತಡ ಆಯ್ತು. ತಪ್ಪು ನನ್ದೇ' ಎಂದ.

ಒಡತಿ ನಾಳೆಯಿಂದ ಹಲಗೆ ಮುಟ್ಟುವುದು ಬೇಡ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆರು ಜನ ಮೆಕ್ಯಾನಿಕ್‌ಗಳೂ ನೆಲ ನೋಡುತ್ತಿದ್ದರು. ಅವರಿಗೆ ಬಾಮೈದನ ಮೇಲೆ ಕನಿಕರ ಎಂದುಕೊಂಡೆ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಹೆಂಡತಿ ನನ್ನ ಅಂಗಿಗಳನ್ನು ಮಡಚುತ್ತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದಳು, ಅಂಗಿಗೆ ಹೇಳುವವಳಂತೆ.

'ಏನು ಹಾಗಂದ್ರೆ?'

'ನನ್ನ ತಮ್ಮ ತಡವಾಗಿ ಎತ್ತಿದ ಅಂದ್ರೆ ನಂಬೋಕೆ ನಾನೇನು ನಿಮ್ಮ ಅಭಿಮಾನಿನಾ? ಹೆಂಡ್ತಿ ರೀ ನಾನು.'

ನಾನು ಏನಾದರೂ ಬೊಗಳೆ ಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಬಾಗಿಲು ತಟ್ಟಿ ಅವನೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಮಂಚದ ತುದಿಯಲ್ಲಿ ಕೂತ. ಕೂಗಾಡುತ್ತಾನೆ ಎಂದು ಕಾದೆ. ಕೂಗಾಡಿದ್ದರೆ ನಾನೂ ಕೂಗಾಡಿ ಪಾರಾಗುತ್ತಿದ್ದೆ.

'ಯಾವ ಕಣ್ಣು ಭಾವ?' ಎಂದು ಕೇಳಿದ.

ಭೂಮಿ ಬಾಯಿ ಬಿಡಬಾರದೇ ಎನ್ನುವುದನ್ನು ಬಾಯಿಮಾತಿಗೆ ಎಷ್ಟೋ ಸಲ ಅಂದಿದ್ದೇನೆ. ಅಂದು ನಿಜವಾಗಿ ಬೇಡಿಕೊಂಡೆ. 'ಎರಡೂ' ಎಂದೆ.

ಹೆಂಡತಿಯ ಕೈಯಲ್ಲಿದ್ದ ಅಂಗಿ ಅಲ್ಲೇ ನಿಂತಿತು. 'ಎರಡೂನಾ? ಮತ್ತೆ ಮೊನ್ನೆ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಐದು ಗಂಟೆ ಕಾರು ಓಡಿಸ್ಕೊಂಡು ಬಂದ್ರಲ್ಲ!' ಎಂದಳು.

ಬಾಮೈದ ಅಕ್ಕನನ್ನು ಸುಮ್ಮನಾಗಿಸಿದ. 'ಆದದ್ದು ಆಯ್ತು. ನನ್ನ ಹೆಸರು ಹೋಗಿದ್ದು ಹೋಯ್ತು, ನಾನೇನು ಚಾಂಪಿಯನ್ನಾ, ನಾಲ್ಕು ದಿನ ಮಾತಾಡ್ಕೊಂಡು ಬಿಡ್ತಾರೆ. ನೀವು ಒಂದು ಮಾಡಿ ಭಾವ. ನಾಳೆ ಗಾಡಿ ಹತ್ಬೇಡಿ. ಹೊಟ್ಟೆನೋವು ಅನ್ನಿ, ತಲೆಸುತ್ತು ಅನ್ನಿ. ಅಷ್ಟು ಸಾಕು ನಂಗೆ.'

'ನೋಡೋಣ' ಎಂದೆ ನಾನು.

ಅವನು ಇಪ್ಪತ್ತಾರು ವರ್ಷದ ಹೆಸರನ್ನು ಎತ್ತಿ ನನ್ನ ಕೈಗೆ ಕೊಟ್ಟಿದ್ದ. ನಾನು ನೋಡೋಣ ಎಂದೆ.

ಭಾನುವಾರ ಬೆಳಗ್ಗೆ ರೇಸಿನ ಉಡುಪು ಹಾಕಿಕೊಂಡೇ ಹೊರಟೆ. ಹೆಂಡತಿ ಬರಲಿಲ್ಲ. ಮೆಕ್ಯಾನಿಕ್‌ಗಳು ನಿದ್ದೆಗೆಟ್ಟು ಕಾರಿನ ಹಿಂಬದಿ ಸರಿಮಾಡಿ, ಬಣ್ಣ ಬಳಿದು ಹೊಳೆಯುವಂತೆ ಇಟ್ಟಿದ್ದರು. ಎಂಟೇ ಸುತ್ತು, ಹಿಂದೆ ಹಿಂದೆ ಓಡಿಸಿ ಮುಗಿಸಿಬಿಟ್ಟರೆ ಯಾರಿಗೇನು ತಿಳಿಯುತ್ತದೆ ಎಂದುಕೊಳ್ಳುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ ಇರಬೇಕು.

ಗ್ಯಾರೇಜಿನ ಹೊರಗೆ ಒಬ್ಬ ಹೆಂಗಸು ಕುಂಟುತ್ತಾ ಎದುರು ಬಂದಳು. ಮಂಡಿಗೆ ಬಿಳಿ ಪಟ್ಟಿ. ಏಳನೆಯ ತಿರುವಿನ ಬಾವುಟದವಳು ಎಂದು ಅವಳೇ ಹೇಳಿದ ಮೇಲೆ ಗೊತ್ತಾಯಿತು.

'ಕಾಲು ಹೇಗಿದೆ?' ಎಂದೆ.

'ಏನಿಲ್ಲ ಬಿಡಿ ಸಾರ್, ತರಚಿದೆ ಅಷ್ಟೆ. ನಾನು ಚಿಕ್ಕವಳಿದ್ದಾಗ ನಮ್ಮಪ್ಪನ ಹೆಗಲ ಮೇಲೆ ಕೂತು ನಿಮ್ಮ ರೇಸು ನೋಡಿದ್ದೆ. ಇವತ್ತೂ ನಂದು ಅದೇ ತಿರುವು. ಮೊದಲ್ನೇ ಸುತ್ತಲ್ಲಿ ಕೈ ಬೀಸ್ತೀನಿ ಸಾರ್, ಒಂದು ಸಲ ನೋಡಿ!'

ಆಯಿತು ಎಂದೆ. ಅವಳು ಖುಷಿಯಿಂದ ಕುಂಟುತ್ತಾ ಹೋದಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವಳು ಬಿಸಿಲಿನಲ್ಲಿ ಕರಗಿಹೋದಳು, ಹೆಂಗಸೋ ಗಂಡಸೋ ಎಂಬುದೂ ನನಗೆ ತಿಳಿಯದ ಹಾಗೆ. ಅಂಥವಳ ಕಡೆಗೆ ನಾನು ಅಷ್ಟು ವೇಗದಲ್ಲಿ ಕಾರು ಓಡಿಸಿಕೊಂಡು ಹೋಗುವವನಿದ್ದೆ.

ನೆಟ್ಟಗೆ ಒಡತಿಯ ಕೋಣೆಗೆ ಹೋದೆ. ಬಾಗಿಲು ಹಾಕಿಕೊಂಡೆ. ಎಲ್ಲ ಹೇಳಿದೆ. ಪೊರೆ, ಗೋಡೆಯ ಅಕ್ಷರ, ಕಾಣದ ಹಲಗೆ, ನಿನ್ನೆಯ ಸುಳ್ಳು.

ಅವರು ಪೆನ್ನು ಕೆಳಗಿಡಲೂ ಇಲ್ಲ. 'ಹಲಗೆ ವಿಷಯ ನಿನ್ನೆನೇ ಗೊತ್ತಿತ್ತು' ಎಂದರು. 'ಕಾರಿನ ಕ್ಯಾಮೆರಾದಲ್ಲಿ ಮೂರು ಸುತ್ತೂ ಕೆಂಪು ಬಾಣ ಚೆನ್ನಾಗಿ ಕಾಣುತ್ತೆ. ನಿಮ್ಮ ಗಮನ ತಪ್ಪಿದೆ ಅಂದ್ಕೊಂಡೆ. ಕಣ್ಣು ಅಂತ ಗೊತ್ತಿರ್ಲಿಲ್ಲ.'

'ಗೊತ್ತಿದ್ದೂ ಅವನನ್ನ ತೆಗೆದ್ರಲ್ಲ ಮೇಡಂ?'

'ಅವರೇ ಒಪ್ಕೊಂಡ್ರಲ್ಲ. ಹಲಗೆ ಹಿಡಿಯೋರು ಸಿಗ್ತಾರೆ, ಚಾಂಪಿಯನ್ ಎಲ್ಲಿಂದ ತರ್ಲಿ?' ಅವರು ಒಂದು ಕ್ಷಣ ಕಿಟಕಿಯ ಕಡೆ ನೋಡಿದರು. 'ಈ ಕಣ್ಣಲ್ಲಿ ನಿಮ್ಮನ್ನ ಕಳಿಸೋಕಾಗಲ್ಲ. ಬದಲಿ ಹುಡುಗಿ ಓಡಿಸ್ತಾಳೆ. ಸೊಂಟ ಹಿಡ್ಕೊಂಡಿದೆ ಅಂತ ಹೊರಗೆ ಹೇಳಿಬಿಡೋಣ. ನಿಮ್ಮ ಮರ್ಯಾದೆನೂ ಉಳಿಯುತ್ತೆ, ನಂದೂ ಉಳಿಯುತ್ತೆ.'

ಅವರನ್ನು ಬೈಯಬೇಕು ಅನ್ನಿಸಿತು. ನಾನು 'ಸರಿ' ಎಂದೆ. ಎಂದದ್ದಷ್ಟೇ ಅಲ್ಲ, ಹೊರಗೆ ಬರುವಾಗ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಬಂದೆ.

ಬಾಮೈದ ಲಾರಿಯ ಹಿಂದೆ ಹಳೆಯ ಟೈರುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಇಪ್ಪತ್ತಾರು ವರ್ಷ ಹಲಗೆ ಹಿಡಿದ ಕೈಗಳು ಮೊಣಕೈವರೆಗೆ ಕಪ್ಪಾಗಿದ್ದವು. ನಾನು ಹತ್ತಿರ ಹೋಗಿ, ಶಾಲೆಯಿಂದ ಒಳ್ಳೆಯ ಅಂಕ ತಂದ ಮಗುವಿನ ಹಾಗೆ, 'ಮೇಡಂಗೆ ಎಲ್ಲಾ ಹೇಳ್ಬಿಟ್ಟೆ ಕಣಪ್ಪ. ಗಾಡಿ ಹತ್ತಲ್ಲ ಇವತ್ತು' ಎಂದೆ.

ಅವನ ಮುಖ ಒಂದು ಗಳಿಗೆ ಹಗುರಾಯಿತು. 'ಒಳ್ಳೇದಾಯ್ತು ಭಾವ.' ಆಮೇಲೆ ಟೈರು ಕೆಳಗಿಟ್ಟ. 'ಯಾರ್ಯಾರಿದ್ರು ಅಲ್ಲಿ?'

'ಮೇಡಂ ಒಬ್ರೇ. ಹೊರಗೆ ಸೊಂಟನೋವು ಅಂತ ಹೇಳೋಣ ಅಂದ್ರು.'

ಅವನು ಕೈ ಒರೆಸಿಕೊಳ್ಳುತ್ತಾ ನಿಂತ. ನನಗೆ ಪರಿಚಯವಾದ ಇಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ದನಿ ಎತ್ತಿದವನಲ್ಲ. ಆಗಲೂ ಎತ್ತಲಿಲ್ಲ.

'ನಿನ್ನೆ ನಾನೇ ಹೇಳಿದ್ದು, ಏನಾದ್ರೂ ನೆಪ ಹೇಳಿ ಅಂತ. ನೀವು ಬಾಯೇ ಬಿಡ್ದೆ ಇದ್ದಿದ್ರೆ ಹಾಗೇ ನುಂಗ್ಕೊಂಡಿರ್ತಿದ್ದೆ' ಎಂದ. 'ಆದ್ರೆ ಈಗ ಹೇಳಿದ್ದೀರಿ. ಸುಳ್ಳು ಒಂಬತ್ತು ಜನರ ಮುಂದೆ ಹೇಳಿದ್ರಿ ಭಾವ. ಸತ್ಯ ಹೇಳೋಕೆ ಮಾತ್ರ ಬಾಗಿಲು ಹಾಕ್ಕೊಂಡ್ರಾ?'

ಅಷ್ಟು ಹೇಳಿ ಇನ್ನೊಂದು ಟೈರು ಎತ್ತಿಕೊಂಡ.

ಅಲ್ಲಿಂದ ಗ್ಯಾರೇಜಿಗೆ ಮೂವತ್ತು ಹೆಜ್ಜೆ. ನಾನು ಅದಕ್ಕಿಂತ ಉದ್ದದ ದಾರಿ ನಡೆದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ನಿನ್ನೆ ಆಡಿದ ಮಾತನ್ನು ಹೆಕ್ಕಿ ತರಲು ಹೊರಟಿದ್ದೆ. ಬಾಮೈದ ಹಿಂದೆಯೇ ಬಂದು ಬಾಗಿಲ ಬಳಿ ನಿಂತದ್ದು ಅವನ ನೆರಳಿನಿಂದ ತಿಳಿಯಿತು. ಒಡತಿಯೂ ಬಂದರು. ಬದಲಿ ಚಾಲಕಿ ಗಡಿಬಿಡಿಯಿಂದ ಕೈಗವಸು ಹಾಕಿಕೊಳ್ಳುತ್ತಿದ್ದಳು.

'ಒಂದು ನಿಮಿಷ' ಎಂದೆ. ಸ್ಪ್ಯಾನರುಗಳ ಸದ್ದು ನಿಂತಿತು.

'ನನ್ನ ಸೊಂಟಕ್ಕೆ ಏನೂ ಆಗಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಎರಡಕ್ಕೂ. ಲೈಸೆನ್ಸ್ ಪರೀಕ್ಷೇಲಿ ಅಕ್ಷರ ಬಾಯಿಪಾಠ ಮಾಡಿ ಮೋಸ ಮಾಡಿದೆ. ನಿನ್ನೆ ಇವನು ಮೂರು ಸುತ್ತೂ ಹಲಗೆ ಹಿಡಿದಿದ್ದ. ನಂಗೆ ಕಾಣ್ಲಿಲ್ಲ. ತಡ ಮಾಡಿದ ಅಂತ ನಾನು ಹೇಳಿದ್ದು ಸುಳ್ಳು.'

ಯಾರಾದರೂ ಬೈಯುತ್ತಾರೆ ಎಂದು ಕಾದೆ. ಹಿರಿಯ ಮೆಕ್ಯಾನಿಕ್ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ತಲೆ ಎತ್ತದೆ ಹೇಳಿದ:

'ಹಲಗೆ ಎತ್ತಿದ್ದು ನಮಗೆ ಗೊತ್ತಿತ್ತು ಸಾರ್. ನಾವು ನಾಲ್ಕು ಜನ ಅವನ ಪಕ್ಕದಲ್ಲೇ ನಿಂತಿದ್ವಿ.'

ನೆಲ ನೋಡುತ್ತಿದ್ದದ್ದು ಕನಿಕರದಿಂದಲ್ಲ. ಕಣ್ಣಾರೆ ಕಂಡವರ ಮುಂದೆಯೇ ನಾನು ಅಷ್ಟು ವಿವರವಾಗಿ ಸುಳ್ಳು ಹೇಳಿದ್ದೆ.

'ಮತ್ತೆ ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?' ಎಂದೆ.

'ನೀವು ಹೇಳಿದ ಮೇಲೆ ನಾವೇನು ಹೇಳೋದು ಸಾರ್. ನೀವು ಚಾಂಪಿಯನ್.' ಅವನ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅವನೂ ನಾಚಿದ್ದ. ಆರೂ ಜನ ನಾಚಿದ್ದರು. ನನ್ನ ಒಂದು ಮಾತು ಎಷ್ಟು ಜನರನ್ನು ಸಣ್ಣವರನ್ನಾಗಿ ಮಾಡಿತ್ತು ಎಂದು ಆಗ ತಿಳಿಯಿತು.

ಹೊರಗೆ ಧ್ವನಿವರ್ಧಕದಲ್ಲಿ ಕಾರುಗಳನ್ನು ಸಾಲಿಗೆ ಕರೆದರು. ಒಡತಿ ಗಡಿಯಾರ ನೋಡಿ, 'ಹಲಗೆ ಯಾರು ಹಿಡೀತಿರೋದು ಇವತ್ತು?' ಎಂದರು, ಏನೂ ಕೇಳಿಸಿಕೊಳ್ಳದವರ ಹಾಗೆ.

ಬದಲಿ ಚಾಲಕಿ ಹೆಲ್ಮೆಟ್ ಹಾಕಿಕೊಂಡಿದ್ದಳು. ಅದರೊಳಗಿಂದಲೇ, 'ಅಣ್ಣ ಹಿಡಿದ್ರೆ ಹೋಗ್ತೀನಿ' ಎಂದು ಬಾಮೈದನ ಕಡೆ ಕೈ ತೋರಿಸಿದಳು. ಒಡತಿ ತಲೆಯಾಡಿಸಿದರು.

ಬಾಮೈದ ತೊಟ್ಟಿಗೆ ಹೋಗಿ ಕೈ ತೊಳೆದ. ಗೋಡೆಯ ಮೊಳೆಯಿಂದ ಹಲಗೆ ಇಳಿಸಿ, ಅಂಗಿಯ ತೋಳಿನಿಂದ ಧೂಳು ಒರೆಸಿ, ಅಂಕಿಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿಕೊಂಡ. ನನ್ನ ಹತ್ತಿರ ಬಂದು ನಿಂತ. ಏನೋ ಹೇಳುತ್ತಾನೆ ಎಂದುಕೊಂಡೆ. ಏನು ಹೇಳಿದರೂ ಕೇಳಲು ಸಿದ್ಧನಿದ್ದೆ, ಹೊಡೆದರೂ ಸರಿಯೇ. ಹಿಂದೆ ಎಂಜಿನ್ನು ಸ್ಟಾರ್ಟ್ ಆಯಿತು.

'ಸ್ವಲ್ಪ ಸರೀರಿ ಭಾವ' ಎಂದ. 'ಗಾಡಿಗೆ ಅಡ್ಡ ನಿಂತಿದ್ದೀರಿ.'

ನಾನು ಸರಿದು ನಿಂತೆ.